ಕರಗದ ಪಿಗ್ಮೆಂಟ್ ಮೀನಿನ ಮೈಯಲ್ಲಿ ಶೇಖರವಾಗುತ್ತದೆಯೇ? ಅಳೆಯುವುದು ಹೇಗೆ, ಎಡವುವುದು ಎಲ್ಲಿ

ಡೈ ಮತ್ತು ಪಿಗ್ಮೆಂಟ್ ಎರಡೂ ಬಣ್ಣಗಳೇ. ಆದರೆ ಡೈ ತಾನು ಸೇರಿದ ಮಾಧ್ಯಮದಲ್ಲಿ ಕರಗುತ್ತದೆ, ಪಿಗ್ಮೆಂಟ್ ಕರಗದೆ ಸೂಕ್ಷ್ಮ ಹರಳುಗಳ ಪುಡಿಯಾಗಿಯೇ ಉಳಿಯುತ್ತದೆ. ಮುದ್ರಣದ ಶಾಯಿ, ಪ್ಲಾಸ್ಟಿಕ್, ಗೋಡೆಯ ಪೇಂಟ್ ಎಲ್ಲದರಲ್ಲೂ ಇರುವುದು ಬಹುಪಾಲು ಇಂಥ ಪುಡಿಯೇ. ಈ ಪುಡಿ ಹೊಳೆಗೋ ಕೆರೆಗೋ ಸೇರಿದರೆ ಮೀನಿನ ಮೈಯಲ್ಲಿ ಕೂಡುತ್ತಾ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸುಲಭ ಅನಿಸಬಹುದು: ಕರಗದ್ದು ಮೈಗೆ ಹೇಗೆ ಸೇರೀತು? ಆದರೆ ಪಿಗ್ಮೆಂಟ್ ಯೆಲ್ಲೋ 12ರ ಅಥವಾ ನೀಲಿ ಕಾಪರ್ ಥ್ಯಾಲೋಸಯನಿನ್‌ನ ಅಣುರಚನೆಯನ್ನು ಲೆಕ್ಕಾಚಾರದ ತಂತ್ರಾಂಶಕ್ಕೆ ಕೊಟ್ಟು ನೋಡಿ. ‘ಇದು ಕೊಬ್ಬನ್ನು ಅರಸಿ ಹೋಗುವ ವಸ್ತು, ಶೇಖರವಾಗುವ ಸಾಧ್ಯತೆ ಹೆಚ್ಚು’ ಎಂಬ ಎಚ್ಚರಿಕೆ ಬರುತ್ತದೆ. ಈ ಎರಡು ಮಾತುಗಳ ನಡುವಿನ ಜಗಳ ಬಗೆಹರಿಸುವುದೇ ಪಿಗ್ಮೆಂಟ್‌ಗಳ ಮೌಲ್ಯಮಾಪನದ ಮುಖ್ಯ ಕೆಲಸ.

ಮೊದಲು ಅಳತೆಗೋಲುಗಳು. ನೀರಿನಲ್ಲಿ ಕರಗಿರುವ ವಸ್ತುವಿಗೆ ಹೋಲಿಸಿದರೆ ಮೀನಿನಲ್ಲಿ ಅದು ಎಷ್ಟು ಪಟ್ಟು ಇದೆ ಎಂಬುದು ಜೈವಿಕ ಸಾಂದ್ರೀಕರಣ ಗುಣಾಂಕ, ರೂಢಿಯಲ್ಲಿ ಬಿಸಿಎಫ್. ಒಂದು ಕಿಲೋ ಮೀನಿನಲ್ಲಿರುವ ಮೈಕ್ರೋಗ್ರಾಂಗಳನ್ನು ಒಂದು ಲೀಟರ್ ನೀರಿನಲ್ಲಿರುವ ಮೈಕ್ರೋಗ್ರಾಂಗಳಿಂದ ಭಾಗಿಸಿದರೆ ಅದು ಸಿಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ರಾಸಾಯನಿಕಗಳನ್ನು ನಿಯಂತ್ರಿಸುವ ರೀಚ್ ಕಾನೂನಿನಲ್ಲಿ ಬಿಸಿಎಫ್ 2000 ದಾಟಿದರೆ ‘ಶೇಖರವಾಗುವ’ ವಸ್ತು, 5000 ದಾಟಿದರೆ ‘ಬಹಳವಾಗಿ ಶೇಖರವಾಗುವ’ ವಸ್ತು. ಬಹುಕಾಲ ಅಳಿಯದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತಾದ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಗೆರೆಯೂ 5000. ಮೀನಿನ ಮೇಲೆ ಪ್ರಯೋಗ ಮಾಡುವ ಮೊದಲು ನೋಡುವುದು ಆಕ್ಟನಾಲ್–ನೀರು ಹಂಚಿಕೆ ಗುಣಾಂಕವನ್ನು. ಆಕ್ಟನಾಲ್ ಎಂಬ ಎಣ್ಣೆಯಂಥ ಆಲ್ಕೋಹಾಲ್ ಇಲ್ಲಿ ಮೀನಿನ ಕೊಬ್ಬಿನ ಪ್ರತಿನಿಧಿ. ಗುಣಾಂಕದ ಲಾಗರಿದಮ್, ಅಂದರೆ ‘ಲಾಗ್ ಕೆಓಡಬ್ಲ್ಯು’, 3 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೀನಿನ ಪ್ರಯೋಗಕ್ಕೆ ವಿನಾಯಿತಿ ಕೇಳಬಹುದು, 4.5 ದಾಟಿದರೆ ರೀಚ್‌ನಲ್ಲಿ ಅನುಮಾನದ ಪಟ್ಟಿಗೆ ಸೇರುತ್ತದೆ. ಮೇಲೆ ಹೇಳಿದ ತಂತ್ರಾಂಶದ ಎಚ್ಚರಿಕೆ ಬರುವುದು ಈ 4.5ರ ಗೆರೆಯಿಂದ.

ತಂತ್ರಾಂಶ ಎಡವುವುದು ಎಲ್ಲಿ

ಈ ತಂತ್ರಾಂಶಗಳು ಅಣುವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಅಂಕ ಕೊಟ್ಟು ಕೂಡಿಸುತ್ತವೆ. ಬೆಂಜೀನ್ ಉಂಗುರಗಳು, ಕ್ಲೋರಿನ್‌ಗಳು ಹೆಚ್ಚಿದಷ್ಟೂ ಮೊತ್ತ ಏರುತ್ತದೆ. ಪಿಗ್ಮೆಂಟ್‌ನ ಅಣುಗಳು ಚಪ್ಪಟೆ. ಒಂದರ ಮೇಲೊಂದು ಒತ್ತಾಗಿ ಕೂತು, ಕೆಲವು ಪಿಗ್ಮೆಂಟ್‌ಗಳಲ್ಲಿ ಹೈಡ್ರೋಜನ್ ಬಂಧಗಳಿಂದಲೂ ಬಿಗಿದುಕೊಂಡು ಹರಳಾಗುತ್ತವೆ. ಆ ಹರಳಿನಿಂದ ಒಂದು ಅಣುವನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ ಬಹಳ. ಹಾಗಾಗಿ ಅದು ನೀರಿನಲ್ಲೂ ಕರಗದು, ಎಣ್ಣೆಯಲ್ಲೂ ಕರಗದು. ತಂತ್ರಾಂಶಕ್ಕೆ ಹರಳು ಕಾಣುವುದೇ ಇಲ್ಲ.

‘ಹರಳು ಬಿಗಿಯಾಗಿರುವುದರಿಂದ ಲಾಗ್ ಕೆಓಡಬ್ಲ್ಯು ಕಡಿಮೆ’ ಎಂದು ವರದಿಗಳಲ್ಲಿ ಬರೆಯುವುದುಂಟು. ಅದು ಪೂರ್ತಿ ಸರಿಯಲ್ಲ. ಹರಳಿನ ಬಿಗಿ ನೀರಿನಲ್ಲಿನ ಕರಗುವಿಕೆಯನ್ನು ಎಷ್ಟು ಪಟ್ಟು ತಗ್ಗಿಸುತ್ತದೋ ಆಕ್ಟನಾಲ್‌ನಲ್ಲಿನದನ್ನೂ ಅಷ್ಟೇ ಪಟ್ಟು ತಗ್ಗಿಸುತ್ತದೆ. ಭಾಗಿಸುವಾಗ ಆ ಅಂಶ ಹೊಡೆದುಹೋಗುತ್ತದೆ. ಹರಳಿನ ಬಿಗಿ ನಿಜವಾಗಿ ಹೇಳುವುದು ಬೇರೆ ಸಂಗತಿ: ಕೊಬ್ಬಿನಲ್ಲಿ ಈ ವಸ್ತು ಒಂದು ಮಿತಿ ದಾಟಿ ಕರಗಲಾರದು. ಅನುಪಾತ ಬೇರೆ, ಮಿತಿ ಬೇರೆ.

ಮಿತಿಯ ಲೆಕ್ಕ ಸರಳ. ಒಂದು ಪಿಗ್ಮೆಂಟ್ ಒಂದು ಲೀಟರ್ ಆಕ್ಟನಾಲ್‌ನಲ್ಲಿ 50 ಮೈಕ್ರೋಗ್ರಾಂ ಮಾತ್ರ ಕರಗುತ್ತದೆ ಎಂದುಕೊಳ್ಳಿ. ಆಕ್ಟನಾಲ್ ಲೀಟರಿಗೆ ಸುಮಾರು 0.83 ಕಿಲೋ ತೂಗುವುದರಿಂದ ಕಿಲೋಗೆ 60 ಮೈಕ್ರೋಗ್ರಾಂ ಆಯಿತು. ಮೀನಿನ ಮೈಯಲ್ಲಿ ಶೇಕಡ 5ರಷ್ಟು ಕೊಬ್ಬಿದೆ ಎಂದು ಹಿಡಿದರೆ, ಕೊಬ್ಬು ಪೂರಾ ತುಂಬಿದಾಗಲೂ ಒಂದು ಕಿಲೋ ಮೀನಿನಲ್ಲಿ 3 ಮೈಕ್ರೋಗ್ರಾಂ. ನೀರಿಗೆ ಎಷ್ಟೇ ಪುಡಿ ಸುರಿದರೂ ಕರಗಿದ ಅಣುಗಳ ದಾರಿಯಲ್ಲಿ ಇದಕ್ಕಿಂತ ಹೆಚ್ಚು ಒಳಗೆ ಹೋಗಲಾರದು. ಇದೇ ಯೋಚನೆಯಿಂದ ಐರೋಪ್ಯ ರಾಸಾಯನಿಕ ಸಂಸ್ಥೆಯ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ: ಆಕ್ಟನಾಲ್‌ನಲ್ಲಿನ ಕರಗುವಿಕೆ ಲೀಟರಿಗೆ 0.002 ಮಿಲಿಮೋಲ್‌ಗಿಂತ ಕಡಿಮೆ ಇದ್ದು, ವಿಷಗುಣದ ಲಕ್ಷಣವೂ ಕಾಣದಿದ್ದರೆ, ಶೇಖರಣೆ ಕಡಿಮೆ ಎಂಬುದಕ್ಕೆ ಅದು ಒಂದು ಸೂಚನೆ. ಕಾಪರ್ ಥ್ಯಾಲೋಸಯನಿನ್‌ನ ಅಣುತೂಕ 576; ಹಾಗಾಗಿ ಅದರ ಗೆರೆ ಲೀಟರಿಗೆ ಸುಮಾರು 1.15 ಮಿಲಿಗ್ರಾಂ. ಅಣುತೂಕ 630ರ ಹತ್ತಿರ ಇರುವ ಪಿಗ್ಮೆಂಟ್ ಯೆಲ್ಲೋ 12ಕ್ಕೆ ಸುಮಾರು 1.26.

ಅದೇ ಮಾರ್ಗಸೂಚಿಯಲ್ಲಿ ಅಣುವಿನ ಗಾತ್ರದ ಸೂಚನೆಯೂ ಇದೆ: ಸರಾಸರಿ ಗರಿಷ್ಠ ವ್ಯಾಸ 1.7 ನ್ಯಾನೋಮೀಟರ್ ದಾಟಿರಬೇಕು, ಜೊತೆಗೆ ಅಣುತೂಕ 1100 ದಾಟಿರಬೇಕು. ‘ದೊಡ್ಡ ಅಣು, ಪೊರೆ ದಾಟದು’ ಎಂದು ಪಿಗ್ಮೆಂಟ್‌ಗಳ ಬಗ್ಗೆ ಸುಲಭವಾಗಿ ಬರೆದುಬಿಡುತ್ತಾರೆ. ಆದರೆ ಮೇಲಿನ ಎರಡೂ ಪಿಗ್ಮೆಂಟ್‌ಗಳ ಅಣುತೂಕ 1100ರ ಹತ್ತಿರವೂ ಬರುವುದಿಲ್ಲ. ಗಾತ್ರದ ವಾದ ಇಲ್ಲಿ ನಿಲ್ಲುವುದಿಲ್ಲ, ಆಕ್ಟನಾಲ್ ವಾದ ನಿಲ್ಲುತ್ತದೆ.

ಕರಗುವಿಕೆಯನ್ನು ಅಳೆಯುವ ಪಾಡು

ಇಷ್ಟೆಲ್ಲ ನಿಂತಿರುವುದು ಎರಡು ಸಂಖ್ಯೆಗಳ ಮೇಲೆ: ನೀರಿನಲ್ಲಿ ಎಷ್ಟು ಕರಗುತ್ತದೆ, ಆಕ್ಟನಾಲ್‌ನಲ್ಲಿ ಎಷ್ಟು ಕರಗುತ್ತದೆ. ಸಾಮಾನ್ಯ ವಸ್ತುಗಳಿಗೆ ಮಾಡುವಂತೆ ಎರಡು ದ್ರವಗಳನ್ನು ಒಟ್ಟಿಗೆ ಕುಲುಕುವ ವಿಧಾನ, ಅಂದರೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಪರೀಕ್ಷಾ ಮಾರ್ಗಸೂಚಿ 107, ಇಲ್ಲಿ ಕೆಲಸಕ್ಕೆ ಬಾರದು. ಪುಡಿ ಎರಡರ ನಡುವಿನ ಗಡಿಯಲ್ಲಿ ಕೆನೆಯಂತೆ ಕೂತುಬಿಡುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಅಳೆದು ಭಾಗಿಸುತ್ತಾರೆ.

ಮೊದಲ ತೊಡಕು ಕಣದ ಗಾತ್ರ. ಸಾವಯವ ಪಿಗ್ಮೆಂಟ್‌ಗಳ ಮೂಲ ಕಣಗಳು ಸಾಮಾನ್ಯವಾಗಿ ಕೆಲವು ಹತ್ತು ನ್ಯಾನೋಮೀಟರ್‌ನಿಂದ ಕೆಲವು ನೂರು ನ್ಯಾನೋಮೀಟರ್‌ವರೆಗೆ. ಪ್ರಯೋಗಾಲಯದಲ್ಲಿ ಕೈಗೆ ಮೊದಲು ಸಿಗುವ 0.45 ಮೈಕ್ರೋಮೀಟರ್ ಸೋಸುಹಾಳೆಯ ರಂಧ್ರ 450 ನ್ಯಾನೋಮೀಟರ್. ಜರಡಿಯಲ್ಲಿ ಹಿಟ್ಟು ಸೋಸಿದಂತೆ ಕಣಗಳು ಆರಾಮವಾಗಿ ಇಳಿದುಬರುತ್ತವೆ, ಯಂತ್ರ ಅವನ್ನು ‘ಕರಗಿದ್ದು’ ಎಂದು ಎಣಿಸುತ್ತದೆ. ನಿಜವಾದ ಕರಗುವಿಕೆ ಲೀಟರಿಗೆ 0.01 ಮೈಕ್ರೋಗ್ರಾಂ ಇದ್ದಲ್ಲಿ 1 ಮೈಕ್ರೋಗ್ರಾಂ ಎಂದು ಬಂದರೆ, ಆಕ್ಟನಾಲ್‌ನಲ್ಲಿ 100 ಮೈಕ್ರೋಗ್ರಾಂ ಇರುವ ವಸ್ತುವಿನ ಲಾಗ್ ಬೆಲೆ 4ರಿಂದ 2ಕ್ಕೆ ಇಳಿಯುತ್ತದೆ. ಅಂದರೆ ಸೋಸುಹಾಳೆಯ ತಪ್ಪೇ ವಿನಾಯಿತಿ ಕೊಡಿಸಿಬಿಡುತ್ತದೆ. ಆದ್ದರಿಂದ ನೀರಿನ ಅಳತೆಯಲ್ಲಿ ದೊಡ್ಡ ಸಂಖ್ಯೆ ಬಂದರೆ ಸಮಾಧಾನಪಡಬಾರದು, ಅನುಮಾನಪಡಬೇಕು.

ನಂಬಬಹುದಾದ ಅಳತೆ ಹೀಗೆ ನಡೆಯುತ್ತದೆ. ಮೇಲ್ಮೈಗೆ ರಾಳ ಅಥವಾ ಡಿಸ್ಪರ್ಸೆಂಟ್ (ಕಣಗಳು ಗಂಟುಕಟ್ಟದೆ ಹರಡಿ ತೇಲುವಂತೆ ಮಾಡುವ ವಸ್ತು) ಹಚ್ಚದ ಪಿಗ್ಮೆಂಟ್ ತೆಗೆದುಕೊಳ್ಳಿ. ಮಾರುಕಟ್ಟೆಯ ದರ್ಜೆಗಳಲ್ಲಿ ಇವು ಇರುವುದು ಸಾಮಾನ್ಯ, ಕರಗುವುದು ಪಿಗ್ಮೆಂಟ್‌ಗಿಂತ ಮೊದಲು ಅವೇ. ಪುಡಿಯನ್ನು ಅದೇ ದ್ರಾವಕದಲ್ಲಿ ಹಲವು ಬಾರಿ ತೊಳೆದು, ತೊಳೆದ ದ್ರವವನ್ನು ಬೇರೆ ಇಡಿ, ಚೆಲ್ಲಬೇಡಿ. ನಂತರ ಹೊಸ ದ್ರಾವಕದಲ್ಲಿ ಮೆಲ್ಲಗೆ ಕಲಕುತ್ತಾ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರ್ಯಾಪ್ತ ಸ್ಥಿತಿಗೆ, ಅಂದರೆ ಇನ್ನು ಕರಗಲಾರದ ಹಂತಕ್ಕೆ, ತನ್ನಿ. ಜೋರಾಗಿ ಕಲಕಿದರೆ, ಅಲ್ಟ್ರಾಸೌಂಡ್ ಕೊಟ್ಟರೆ ಕಣಗಳು ಒಡೆದು ತೇಲುತ್ತವೆ. 24, 48, 72 ಗಂಟೆಗಳಲ್ಲಿ ಮಾದರಿ ತೆಗೆದು, ಸಂಖ್ಯೆ ಏರುವುದು ನಿಂತಿದೆಯೇ ನೋಡಿ. ಕಣ ಬೇರ್ಪಡಿಸಲು ಅಲ್ಟ್ರಾಸೆಂಟ್ರಿಫ್ಯೂಜ್ ಅಥವಾ ಕೆಲವೇ ನ್ಯಾನೋಮೀಟರ್ ರಂಧ್ರದ ಅಲ್ಟ್ರಾಫಿಲ್ಟ್ರೇಷನ್ ಪೊರೆ ಬೇಕು. ಪೊರೆ ಬಳಸಿದರೆ ಇನ್ನೊಂದು ತಾಪತ್ರಯ: ಮೈಕ್ರೋಗ್ರಾಂ ಮಟ್ಟದಲ್ಲಿ ಕರಗಿದ ಅಣುಗಳೂ ಪೊರೆಗೆ ಅಂಟುತ್ತವೆ. ಅದಕ್ಕೇ ಮೊದಲು ಇಳಿದ ಕೆಲವು ಮಿಲಿಲೀಟರ್‌ಗಳನ್ನು ಬಿಟ್ಟು ನಂತರದ್ದನ್ನು ಅಳೆಯುತ್ತಾರೆ.

ಫಲಿತಾಂಶ ಕೈಗೆ ಬಂದ ಮೇಲೆ ಮೂರು ಪರೀಕ್ಷೆ ಮಾಡದೆ ನಂಬಬೇಡಿ. ಸೋಸಿದ ದ್ರವದೊಳಗೆ ಲೇಸರ್ ಬೆಳಕು ಹಾಯಿಸಿ. ಗೆರೆ ಕಂಡರೆ ಕಣಗಳಿವೆ. ಪುಡಿಯ ಪ್ರಮಾಣವನ್ನು ಹತ್ತು ಪಟ್ಟು ಮಾಡಿ ಮತ್ತೆ ಅಳೆಯಿರಿ. ಶುದ್ಧ ವಸ್ತುವಿನ ಕರಗುವಿಕೆ ಹಾಕಿದ ಪ್ರಮಾಣವನ್ನು ಅವಲಂಬಿಸುವುದಿಲ್ಲ, ಸಂಖ್ಯೆ ಏರಿದರೆ ನೀವು ಅಳೆಯುತ್ತಿರುವುದು ತೇಲುವ ಕಣಗಳನ್ನು ಅಥವಾ ಕಲ್ಮಶವನ್ನು. ಮೂರನೆಯದು ಬಣ್ಣವನ್ನೇ ನೋಡುವುದು. ಅನೇಕ ಪಿಗ್ಮೆಂಟ್‌ಗಳ ಬಣ್ಣದಲ್ಲಿ ಹರಳಿನ ಜೋಡಣೆಯ ಪಾತ್ರ ದೊಡ್ಡದು. ಕ್ವಿನಾಕ್ರಿಡೋನ್ ಎಂಬ ಪಿಗ್ಮೆಂಟ್ ಹರಳಾಗಿ ನೇರಳೆಗೆಂಪು, ನಿಜವಾಗಿ ಕರಗಿದಾಗ ಹಳದಿಯ ಕಡೆಗೆ ವಾಲುತ್ತದೆ. ದ್ರಾವಣದ ಬೆಳಕು ಹೀರುವ ವರ್ಣಪಟಲ ಪುಡಿಯ ವರ್ಣಪಟಲವನ್ನೇ ಹೋಲುತ್ತಿದ್ದರೆ ಅಲ್ಲಿರುವುದು ದ್ರಾವಣವಲ್ಲ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆಯನ್ನು ಬಿಡುವುದಕ್ಕೆ ಕಾರಣವೇ ಇಲ್ಲ.

ಪಿಗ್ಮೆಂಟ್ ರೆಡ್ 57:1ರಂಥ ಲವಣರೂಪದ ಪಿಗ್ಮೆಂಟ್‌ಗಳ ಜಾತಿ ಬೇರೆ. ಅವು ಕ್ಯಾಲ್ಸಿಯಂ ಅಥವಾ ಬೇರಿಯಂ ಜೊತೆ ಕಟ್ಟಿಕೊಂಡ ಸಲ್ಫೋನಿಕ್ ಆಮ್ಲಗಳು. ನೀರಿನಲ್ಲಿ ಸ್ವಲ್ಪ ಕರಗಿ ಅಯಾನುಗಳಾಗಿ ಒಡೆಯುತ್ತವೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇರುವುದರಿಂದ ಕ್ಯಾಲ್ಸಿಯಂ ಲವಣ ಇನ್ನೂ ಕಡಿಮೆ ಕರಗುತ್ತದೆ. ಇಂಥವಕ್ಕೆ ಲಾಗ್ ಕೆಓಡಬ್ಲ್ಯು ಹೇಳುವಾಗ ಯಾವ ಪಿಎಚ್, ಯಾವ ನೀರು ಎಂದು ಹೇಳದಿದ್ದರೆ ಸಂಖ್ಯೆಗೆ ಅರ್ಥವಿಲ್ಲ.

ಮೀನಿನ ತೊಟ್ಟಿಯಲ್ಲಿ

ಒಇಸಿಡಿ 305 ಎಂಬ ಮಾನಕ ವಿಧಾನ 2012ರಲ್ಲಿ ಈಗಿನ ರೂಪಕ್ಕೆ ಬಂತು. ಅದರ ಮೊದಲ ಬಗೆಯಲ್ಲಿ ಹರಿಯುವ ನೀರಿನಲ್ಲಿ ವಸ್ತುವನ್ನು ಕರಗಿಸಿ ಸಾಮಾನ್ಯವಾಗಿ 28 ದಿನ ಮೀನುಗಳನ್ನು ಇಟ್ಟು, ನಂತರ ಶುದ್ಧ ನೀರಿಗೆ ಬಿಟ್ಟು ವಸ್ತು ಹೊರಹೋಗುವ ವೇಗ ಅಳೆಯುತ್ತಾರೆ. ನೀರಿನಲ್ಲಿ ವಸ್ತುವಿನ ಸಾರತೆ ಸರಾಸರಿಯ ಶೇಕಡ 20ರ ಒಳಗೇ ಏರಿಳಿಯಬೇಕು, ಮತ್ತು ಕರಗುವಿಕೆಯ ಮಿತಿಯ ಕೆಳಗೇ ಇರಬೇಕು. ಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಕರಗುವ ಪಿಗ್ಮೆಂಟ್‌ಗೆ ಈ ಎರಡು ಷರತ್ತುಗಳನ್ನು ಒಟ್ಟಿಗೆ ಪಾಲಿಸುವುದು ಕಾರ್ಯತಃ ಆಗದ ಮಾತು. ಅಣುಗಳು ತೊಟ್ಟಿಯ ಗಾಜಿಗೆ, ಕೊಳವೆಗೆ, ಮೀನಿನ ಮಲಕ್ಕೆ ಅಂಟುತ್ತವೆ. ಉಳಿದದ್ದು ಅಳೆಯುವ ಯಂತ್ರದ ಮಿತಿಗಿಂತ ಕೆಳಗೆ ಹೋಗುತ್ತದೆ.

ಇದನ್ನು ದಾಟಲು ಹಿಂದೆ ಡಿಸ್ಪರ್ಸೆಂಟ್ ಹಾಕಿ, ಕರಗುವಿಕೆಗಿಂತ ಎಷ್ಟೋ ಹೆಚ್ಚು ಪಿಗ್ಮೆಂಟನ್ನು ನೀರಿನಲ್ಲಿ ತೇಲಿಸಿ ಮಾಡಿದ ಪ್ರಯೋಗಗಳಿವೆ. ಅವುಗಳಲ್ಲಿ ಬಿಸಿಎಫ್ ಬಲು ಚಿಕ್ಕದಾಗಿ ಬರುತ್ತದೆ. ಏಕೆಂದು ನೋಡಿ. ಹಾಕಿದ್ದು ಲೀಟರಿಗೆ 50 ಮೈಕ್ರೋಗ್ರಾಂ, ನಿಜವಾಗಿ ಕರಗಿದ್ದು 0.5, ಮೀನಿನಲ್ಲಿ ಸಿಕ್ಕಿದ್ದು ಕಿಲೋಗೆ 10. ಹಾಕಿದ ಪ್ರಮಾಣದಿಂದ ಭಾಗಿಸಿದರೆ ಬಿಸಿಎಫ್ 0.2. ಕರಗಿದ ಪ್ರಮಾಣದಿಂದ ಭಾಗಿಸಿದರೆ 20. ನೂರು ಪಟ್ಟು ವ್ಯತ್ಯಾಸ, ಅದೂ ಒಂದೇ ಮೀನಿನಿಂದ. ಕಿವಿರಿನ ಪೊರೆಯನ್ನು ದಾಟುವುದು ಕರಗಿದ ಅಣು ಮಾತ್ರ ಎಂದಾದರೆ ಛೇದದಲ್ಲಿ ಇರಬೇಕಾದದ್ದೂ ಅದೇ. ಹಳೆಯ ವರದಿ ಓದುವಾಗ ಮೊದಲು ನೋಡಬೇಕಾದ್ದು ಬಿಸಿಎಫ್ ಅಲ್ಲ, ನೀರಿನ ಸಾರತೆ ಮತ್ತು ಡಿಸ್ಪರ್ಸೆಂಟ್‌ನ ಸಾಲು.

ತಪ್ಪು ಎದುರು ದಿಕ್ಕಿನಲ್ಲೂ ಆಗುತ್ತದೆ. ಕಣಗಳು ಕಿವಿರಿನ ಲೋಳೆಗೆ, ಚರ್ಮಕ್ಕೆ ಅಂಟಿ, ಕರುಳಲ್ಲಿ ತುಂಬಿ ಕೂತಿರುತ್ತವೆ. ಮೀನನ್ನು ಇಡಿಯಾಗಿ ಅರೆದು ಅಳೆದರೆ ಅವೆಲ್ಲ ‘ಶೇಖರಣೆ’ ಎನಿಸಿಕೊಳ್ಳುತ್ತವೆ. ಕರುಳಿನ ಒಳಗಿರುವುದು ಇನ್ನೂ ಮೈಯ ಹೊರಗೇ ಇದೆ, ಪೊರೆ ದಾಟಿಲ್ಲ. ಹೀಗಾಗಿ ಪಿಗ್ಮೆಂಟ್ ಪ್ರಯೋಗದಲ್ಲಿ ಮೀನನ್ನು ಚೆನ್ನಾಗಿ ತೊಳೆದು, ಜೀರ್ಣಾಂಗವನ್ನು ಬೇರೆ ತೆಗೆದು, ಸ್ನಾಯು, ಯಕೃತ್ತು, ಉಳಿದ ದೇಹವನ್ನು ಬೇರೆ ಬೇರೆ ಅಳೆಯುವುದು ಒಳ್ಳೆಯದು.

ಇದಕ್ಕಿಂತ ಸರಿಯಾದ ದಾರಿ ಅದೇ ಒಇಸಿಡಿ 305ರ ಆಹಾರದ ಬಗೆ. ವಸ್ತುವನ್ನು ನೀರಿಗಲ್ಲ, ತಿನಿಸಿಗೆ ಬೆರೆಸಿ 7ರಿಂದ 14 ದಿನ ಕೊಟ್ಟು, ನಂತರ ಬೆರೆಸದ ತಿನಿಸು ಕೊಡುತ್ತಾ 28 ದಿನದವರೆಗೆ ಗಮನಿಸುತ್ತಾರೆ. ದಿನಕ್ಕೆ ಮೀನಿನ ತೂಕದ ಶೇಕಡ 1ರಿಂದ 2ರಷ್ಟು ತಿನಿಸು. ಪಿಗ್ಮೆಂಟ್ ಎಣ್ಣೆಯಲ್ಲೂ ಕರಗದ ಕಾರಣ ತಿನಿಸಿನಲ್ಲಿ ಅದು ಚುಕ್ಕೆಚುಕ್ಕೆಯಾಗಿ ಉಳಿಯುವ ಅಪಾಯವಿದೆ. ಕನಿಷ್ಠ ಮೂರು ಮಾದರಿಗಳ ಪ್ರಮಾಣ ಸರಾಸರಿಯಿಂದ ಶೇಕಡ 15ಕ್ಕಿಂತ ಹೆಚ್ಚು ಸರಿಯಬಾರದು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಹಿಡಿಯಬೇಕು. ಬಣ್ಣದ ಪುಡಿಯಾದ್ದರಿಂದ ಒಂದು ಅನುಕೂಲವೂ ಉಂಟು: ಸರಿಯಾಗಿ ಬೆರೆಯದಿದ್ದರೆ ಕಣ್ಣಿಗೇ ಕಾಣುತ್ತದೆ.

ಫಲಿತಾಂಶ ಬಹುತೇಕ ‘ಪತ್ತೆಯಾಗಲಿಲ್ಲ’ ಎಂದೇ ಬರಬಹುದು. ಅದನ್ನು ಸೊನ್ನೆ ಎಂದು ಬರೆಯಬಾರದು, ಮೇಲ್ಮಿತಿಯಾಗಿ ಬರೆಯಬೇಕು. ತಿನಿಸಿನಲ್ಲಿ ಗ್ರಾಂಗೆ 100 ಮೈಕ್ರೋಗ್ರಾಂ, ದಿನಕ್ಕೆ ಶೇಕಡ 1.5ರಂತೆ 14 ದಿನ ಎಂದರೆ ಮೀನು ತನ್ನ ತೂಕದ ಶೇಕಡ 21ರಷ್ಟು ತಿನಿಸು ತಿಂದಿದೆ. ತಿಂದದ್ದೆಲ್ಲ ಮೈಗೆ ಹತ್ತಿ ಒಂದಿಷ್ಟೂ ಹೊರಹೋಗದಿದ್ದರೆ ಗ್ರಾಂ ಮೀನಿಗೆ 21 ಮೈಕ್ರೋಗ್ರಾಂ ಇರಬೇಕಿತ್ತು. ಯಂತ್ರದ ಅಳತೆಯ ಮಿತಿ 0.5 ಆಗಿದ್ದು ಅದಕ್ಕಿಂತ ಕೆಳಗೆ ಬಂದರೆ, ಮೈಯಲ್ಲಿ ಉಳಿದದ್ದು ತಿಂದದ್ದರ ಶೇಕಡ 2.4ಕ್ಕಿಂತ ಕಡಿಮೆ. ಮೀನು ಬೆಳೆಯುವುದರಿಂದ ಆಗುವ ತೆಳುವಾಗುವಿಕೆಯನ್ನು ಇದಕ್ಕೆ ಸೇರಿಸಿ ತಿದ್ದಬೇಕು. ಅಳತೆಯ ಮಿತಿ 10 ಆಗಿದ್ದರೆ ಅದೇ ‘ಪತ್ತೆಯಾಗಲಿಲ್ಲ’ ಎಂಬ ಮಾತಿಗೆ ಬೆಲೆ ಏನೂ ಇಲ್ಲ.

ಅಳತೆಯ ಮಿತಿ ತಗ್ಗಿಸುವುದೇ ಇಲ್ಲಿ ಕಷ್ಟದ ಕೆಲಸ. ಅಂಗಾಂಶದಿಂದ ಪಿಗ್ಮೆಂಟನ್ನು ಹೊರತೆಗೆಯಲು ಡೈಮೀಥೈಲ್ ಫಾರ್ಮಮೈಡ್‌ನಂಥ ಬಲವಾದ ದ್ರಾವಕಗಳು ಬೇಕು. ಹೆಕ್ಸೇನ್ ಬಳಸಿ ‘ಇಲ್ಲ’ ಎಂದರೆ ಯಾರೂ ಒಪ್ಪಬಾರದು. ಗೊತ್ತಿರುವ ಪ್ರಮಾಣವನ್ನು ಮೀನಿನ ಅಂಗಾಂಶಕ್ಕೆ ಬೆರೆಸಿ ಎಷ್ಟು ಮರಳಿ ಸಿಗುತ್ತದೆಂದು ಮೊದಲು ತೋರಿಸಬೇಕು. ಕಾಪರ್ ಥ್ಯಾಲೋಸಯನಿನ್‌ಗೆ ತಾಮ್ರವನ್ನಷ್ಟೇ ಅಳೆದರೆ ಸುಲಭವಲ್ಲವೇ ಎನಿಸಬಹುದು. ಆದರೆ ತಾಮ್ರ ಮೀನಿಗೆ ಬೇಕಾದ ಧಾತು, ಯಕೃತ್ತಿನಲ್ಲಿ ಧಾರಾಳವಾಗಿ ಇರುತ್ತದೆ. ಕಾರ್ಬನ್-14 ಗುರುತು ಹಚ್ಚಿದ ಪಿಗ್ಮೆಂಟ್ ಬಳಸಿದರೆ ಸೂಕ್ಷ್ಮತೆ ಸಿಗುತ್ತದೆ; ಆದರೆ ಎಣಿಕೆಯಂತ್ರಕ್ಕೆ ಪಿಗ್ಮೆಂಟೂ ಒಂದೇ, ಅದರ ಕಲ್ಮಶವೂ ಒಂದೇ.

ಸೋಸಿ ತಿನ್ನುವ, ಕೆಸರು ತಿನ್ನುವ ಜೀವಿಗಳು

ಪಿಗ್ಮೆಂಟ್ ಕಣಗಳು ಕೊನೆಗೆ ಸೇರುವುದು ತಳದ ಕೆಸರನ್ನು. ಹಾಗಾಗಿ ಮೀನಿಗಿಂತ ಹೆಚ್ಚಾಗಿ ಅವನ್ನು ತಿನ್ನುವುದು ಹುಳುಗಳು ಮತ್ತು ಮಸ್ಸೆಲ್ ಚಿಪ್ಪುಜೀವಿಗಳು. ಡ್ಯಾಫ್ನಿಯಾ ಎಂಬ ನೀರುಚಿಗಟವನ್ನು ಪಿಗ್ಮೆಂಟ್ ತೇಲುವ ನೀರಿಗೆ ಬಿಟ್ಟರೆ ಅದರ ಪಾರದರ್ಶಕ ಮೈಯೊಳಗೆ ಕರುಳು ಬಣ್ಣದ ದಾರದಂತೆ ಕಾಣುತ್ತದೆ. ಶುದ್ಧ ನೀರಿಗೆ ಹಾಕಿದರೂ ಕರುಳು ಬೇಗ ಖಾಲಿಯಾಗದು. ಹಿಂದಿನದನ್ನು ತಳ್ಳಲು ಮುಂದಿನ ಆಹಾರ ಬೇಕು. ಹಾಗಾಗಿ ಪಾಚಿ ಕೊಟ್ಟು ಖಾಲಿ ಮಾಡಿಸಿ ಅಳೆಯಬೇಕು. ಕೆಸರಿನ ಹುಳುಗಳಿಗೆ ಒಇಸಿಡಿ 315 ಇದೆ: 28 ದಿನ ವಸ್ತು ಬೆರೆಸಿದ ಕೆಸರಿನಲ್ಲಿ, ನಂತರ ಸುಮಾರು 10 ದಿನ ಶುದ್ಧ ಕೆಸರಿನಲ್ಲಿ. ಅಳೆಯುವ ಮೊದಲು ಹುಳು ಕರುಳು ತೆರವು ಮಾಡಿಕೊಳ್ಳಲು ಕೆಲವು ಗಂಟೆ ಬಿಡಬೇಕು. ಶುದ್ಧ ಕೆಸರಿಗೆ ಹೋದ ಮೊದಲ ದಿನವೇ ಪ್ರಮಾಣ ಧಡಕ್ಕನೆ ಬಿದ್ದರೆ ಅದು ಕರುಳಿನದು. ಆಮೇಲೂ ನಿಧಾನವಾಗಿ ಇಳಿಯುತ್ತಾ ಉಳಿದದ್ದು ಇದ್ದರೆ ಅದು ಅಂಗಾಂಶದ್ದು.

ಕಲ್ಮಶದ ಲೆಕ್ಕ

ಪಿಗ್ಮೆಂಟ್ ಶೇಕಡ 99 ಶುದ್ಧ ಎಂದರೆ ಕೇಳಲು ಚೆನ್ನಾಗಿದೆ. ಒಂದು ಲೀಟರ್ ನೀರಿಗೆ ಅದನ್ನು 100 ಮಿಲಿಗ್ರಾಂ ಹಾಕಿದರೆ, ಕರಗುವ ಗುಣದ ಆ ಶೇಕಡ 1 ಕಲ್ಮಶ ಪೂರಾ ಕರಗಿ 1 ಮಿಲಿಗ್ರಾಂ ಆಗುತ್ತದೆ. ಪಿಗ್ಮೆಂಟ್ ಕರಗಿದ್ದು 1 ಮೈಕ್ರೋಗ್ರಾಂ ಇದ್ದರೆ ಕಲ್ಮಶ ಅದರ ಸಾವಿರ ಪಟ್ಟು. ಮೀನಿನ ಮೈ ಸೇರುವುದು ಯಾವುದು ಎಂದು ಹೇಳಬೇಕಿಲ್ಲ. ತೊಳೆದ ದ್ರವವನ್ನು ಚೆಲ್ಲಬೇಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಕಲ್ಮಶದ ಗುರುತು ಸಿಗುವುದು ಅದರಲ್ಲೇ.

ಪಿಗ್ಮೆಂಟ್ ಯೆಲ್ಲೋ 12, 13, 83ರಂಥ ಡೈಅರೈಲೈಡ್ ಹಳದಿಗಳನ್ನು 3,3'-ಡೈಕ್ಲೋರೋಬೆಂಜಿಡಿನ್‌ನಿಂದ ತಯಾರಿಸುತ್ತಾರೆ. ಆ ಹಾದಿಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಗುಂಪಿನ ಪಿಸಿಬಿ-11 ಎಂಬ 3,3'-ಡೈಕ್ಲೋರೋಬೈಫಿನೈಲ್ ಸ್ವಲ್ಪ ಹುಟ್ಟುತ್ತದೆ. ಇದು ಪಿಗ್ಮೆಂಟ್‌ನಂತಲ್ಲ: ಕೊಬ್ಬಿನಲ್ಲಿ ಸಲೀಸಾಗಿ ಕರಗುತ್ತದೆ, ಲಾಗ್ ಕೆಓಡಬ್ಲ್ಯು 5ರ ಆಸುಪಾಸು. ಟೆಟ್ರಾಕ್ಲೋರೋಥ್ಯಾಲಿಕ್ ಅನ್‌ಹೈಡ್ರೈಡ್‌ನಿಂದ ಮಾಡುವ ಪಿಗ್ಮೆಂಟ್‌ಗಳಲ್ಲಿ ಹೆಕ್ಸಾಕ್ಲೋರೋಬೆಂಜೀನ್ ಕಲ್ಮಶವಾಗಿ ಬರಬಹುದು, ಅದು ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಹನ್ನೆರಡು ವಸ್ತುಗಳಲ್ಲಿ ಒಂದು. ಇವುಗಳನ್ನು ಪಿಗ್ಮೆಂಟ್‌ನ ಬಿಸಿಎಫ್‌ನೊಳಗೆ ಬೆರೆಸಿ ಸರಾಸರಿ ತೆಗೆಯುವುದು ತಪ್ಪು. ಪ್ರತಿಯೊಂದನ್ನೂ ಬೇರೆ ವಸ್ತುವಾಗಿ ಅಳೆದು, ಬೇರೆಯಾಗಿಯೇ ತೀರ್ಮಾನಿಸಬೇಕು. ಅದೂ ಒಂದು ಬ್ಯಾಚ್ ನೋಡಿ ಅಲ್ಲ, ತಯಾರಿಕೆಯ ಬಿಸಿ ಮತ್ತು ಆಮ್ಲತೆ ಬದಲಾದಂತೆ ಕಲ್ಮಶದ ಪ್ರಮಾಣವೂ ಬದಲಾಗುವುದರಿಂದ ಹಲವು ಬ್ಯಾಚ್‌ಗಳನ್ನು ನೋಡಿ. ಇನ್ನೊಂದು ಸಣ್ಣ ಸಂಗತಿ: ಆಹಾರದ ಪ್ರಯೋಗ ಸರಿಯಾಗಿ ನಡೆದಿದೆಯೇ ಎಂದು ತೋರಿಸಲು ಹೋಲಿಕೆಯ ವಸ್ತುವಾಗಿ ತಿನಿಸಿಗೆ ಬೆರೆಸುವುದು ಹೆಚ್ಚಾಗಿ ಇದೇ ಹೆಕ್ಸಾಕ್ಲೋರೋಬೆಂಜೀನನ್ನು. ಅದನ್ನೇ ಕಲ್ಮಶವಾಗಿ ಹೊತ್ತ ಪಿಗ್ಮೆಂಟನ್ನು ಪರೀಕ್ಷಿಸುವಾಗ ಹೋಲಿಕೆಯ ವಸ್ತುವನ್ನು ಬೇರೆ ಗುಂಪಿನ ಮೀನುಗಳಿಗೆ, ಬೇರೆ ತೊಟ್ಟಿಯಲ್ಲಿ ಕೊಡಬೇಕು.